ಹಳೇ ಗೇಮು, ನಮ್ಮ ಪ್ಯಾಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ, ಮನೆ ಬದಲಾಯಿಸೋವಾಗ ಹಳೇ ಗೇಮ್ ಸಿಡಿಗಳನ್ನ ಗುಜರಿಗೆ ಹಾಕ್ಬೇಡಿ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಬಗ್ಗೆನೇ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಬಿಟ್ಟಿದೀನಿ.

ಸರ್, 2009-10ರಲ್ಲಿ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಸೇರಿ ಇಎ ಕ್ರಿಕೆಟ್ 07 ಅನ್ನೋ ಕಂಪ್ಯೂಟರ್ ಗೇಮಿಗೆ ಒಂದು ಪ್ಯಾಚ್ ಮಾಡಿದ್ವಿ, ಅಂದ್ರೆ ಗೇಮ್ ಒಳಗಿನ ಜರ್ಸಿ, ಟೀಮು ಬದಲಾಯಿಸೋ ಫೈಲು. ಐಪಿಎಲ್ ಜರ್ಸಿಗಳೆಲ್ಲಾ ನಾವೇ ಕೂತು ಬಣ್ಣ ಹಾಕಿದ್ದು, ಜೊತೆಗೆ ನಮ್ಮ ಕಾಲೇಜ್ ಟೀಮನ್ನೂ ಸೇರಿಸಿದ್ವಿ. ಆ ಕಂಪ್ಯೂಟರ್ ಕೆಟ್ಟು ಹತ್ತು ವರ್ಷದ ಮೇಲಾಯ್ತು. ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ಇಟ್ಕೊಂಡಿದೀನಿ, 80 ಜಿಬಿದು, ಅಗಲ ಪಟ್ಟಿ ಥರದ ಕೇಬಲ್ ಹಾಕೋದು. ನಾಲ್ಕು ಜನರಲ್ಲಿ ಒಬ್ಬ ಈಗ ಇಲ್ಲ, ಜರ್ಸಿ ಎಲ್ಲಾ ಮಾಡಿದ್ದು ಅವನೇ. ಇದನ್ನ ಹೊರಗೆ ತೆಗೆಯೋಕಾಗುತ್ತಾ? ತೆಗೆದ್ರೂ ನಮಗೆ ಬಿಟ್ಟು ಬೇರೆ ಯಾರಿಗಾದ್ರೂ ಬೇಕಾ ಅದು?
– ಓದುಗರೊಬ್ಬರು, ತುಮಕೂರು

ಮೊದಲು ಡಿಸ್ಕ್ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅಲ್ಲಿ ಒಂದು ತಪ್ಪು ಹೆಜ್ಜೆ ಇಟ್ರೆ ಮಿಕ್ಕಿದ್ದು ಮಾತಾಡಿ ಪ್ರಯೋಜನ ಇಲ್ಲ. ದಯವಿಟ್ಟು ಅದನ್ನ ಹಳೇ ಕಂಪ್ಯೂಟರ್‌ಗೆ ಹಾಕಿ ವಿಂಡೋಸ್ ಬೂಟ್ ಮಾಡೋಕೆ ಹೋಗ್ಬೇಡಿ. ಬೂಟ್ ಆಗೋವಾಗ ವಿಂಡೋಸ್ ಸುಮ್ನಿರಲ್ಲ, ಡಿಸ್ಕ್ ಮೇಲೆ ಏನೇನೋ ಬರೀತಾ ಇರುತ್ತೆ, ಚೆಕ್ ಡಿಸ್ಕ್ ಅಂತ ಶುರು ಮಾಡ್ಕೊಂಡ್ರಂತೂ ಇರೋದನ್ನೂ ಕಲಸಿ ಹಾಕುತ್ತೆ. ನಿಮ್ಮದು ಐಡಿಇ ಅನ್ನೋ ಹಳೇ ಥರದ ಡಿಸ್ಕ್. ಅದನ್ನ ಯುಎಸ್‌ಬಿಗೆ ಜೋಡಿಸೋ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರೋಡಲ್ಲೂ ಸಿಗುತ್ತೆ ಆನ್‌ಲೈನಲ್ಲೂ ಸಿಗುತ್ತೆ, ಆದ್ರೆ ತಗೊಳ್ಳೋವಾಗ ಬೇರೆ ಪವರ್ ಸಪ್ಲೈ ಜೊತೆಗಿದ್ಯಾ ಅಂತ ನೋಡಿ, ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್‌ಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿ ಕರೆಂಟಲ್ಲಿ ಅದು ತಿರುಗಲ್ಲ. ಹಿಂದೆ ಪಿನ್‌ಗಳಿಗೆ ಸಿಕ್ಕಿಸಿರೋ ಸಣ್ಣ ತುಣುಕನ್ನ (ಜಂಪರ್) ‘ಮಾಸ್ಟರ್’ ಅಂತಿರೋ ಜಾಗಕ್ಕೆ ಹಾಕಿ, ಟೇಬಲ್ ಮೇಲೆ ಮಟ್ಟಸವಾಗಿ ಇಟ್ಟು ಆನ್ ಮಾಡಿ. ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬಂದ್ರೆ ಆ ಕ್ಷಣವೇ ಆಫ್ ಮಾಡಿ ಡೇಟಾ ರಿಕವರಿ ಮಾಡೋರ ಹತ್ರ ಹೋಗಿ, ಮತ್ತೆ ಮತ್ತೆ ಆನ್ ಮಾಡಿ ನೋಡೋಣ ಅನ್ನೋ ಆಸೆನೇ ಡಿಸ್ಕ್‌ಗಳನ್ನ ಕೊಲ್ಲೋದು.

ಸದ್ದಿಲ್ದೆ ತಿರುಗಿದ್ರೆ ಫೈಲ್ ಒಂದೊಂದಾಗಿ ಎಳೆಯೋಕೆ ಹೋಗ್ದೆ ಇಡೀ ಡಿಸ್ಕ್‌ನ ನಕಲನ್ನ ಒಂದೇ ದೊಡ್ಡ ಫೈಲಾಗಿ ತೆಗೀರಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಚೆನ್ನಾಗಿರೋ ಜಾಗನೆಲ್ಲಾ ಮೊದಲು ಬೇಗ ಬೇಗ ಓದಿಕೊಂಡು, ಕೆಟ್ಟ ಜಾಗಗಳನ್ನ ಗುರುತು ಹಾಕಿಟ್ಟು, ಕೊನೆಗೆ ನಿಧಾನಕ್ಕೆ ಅವುಗಳ ಹತ್ರ ವಾಪಸ್ ಬರುತ್ತೆ. ಮಧ್ಯ ಕರೆಂಟ್ ಹೋದ್ರೂ ಅಲ್ಲಿಂದಲೇ ಮುಂದುವರಿಸಬಹುದು. ಲಿನಕ್ಸ್ ಗೊತ್ತಿರೋ ಹುಡುಗ್ರು ತುಮಕೂರಲ್ಲಿ ಖಂಡಿತಾ ಇರ್ತಾರೆ, ಒಂದು ಭಾನುವಾರದ ಕೆಲಸ ಅಷ್ಟೇ. ಆ ನಕಲು ಕೈಗೆ ಬಂದ್ಮೇಲೆ ಮೂಲ ಡಿಸ್ಕ್‌ನ ಎತ್ತಿಟ್ಟುಬಿಡಿ, ಹುಡುಕಾಟ ಎಲ್ಲಾ ನಕಲಲ್ಲಿ ಮಾಡಿ.

ಬರೀ ಪ್ಯಾಚ್‌ನ ಜಿಪ್ ಫೈಲ್ ತಗೊಂಡು ಸಾಕು ಅನ್ಕೋಬೇಡಿ. ನಿಮ್ಮ ಗೆಳೆಯ ಜರ್ಸಿ ಬಿಡಿಸಿದ್ದ ಫೋಟೋಶಾಪ್ ಫೈಲ್‌ಗಳು, ಅರ್ಧಕ್ಕೆ ಬಿಟ್ಟಿದ್ದವು, ಫೈನಲ್, ಫೈನಲ್2, ಒರಿಜಿನಲ್ ಫೈನಲ್ ಅಂತ ಹೆಸರಿಟ್ಟಿದ್ದವು, ವಿವರ ಬರೆದಿಟ್ಟ ರೀಡ್‌ಮಿ ಟೆಕ್ಸ್ಟ್ ಫೈಲ್, ನೀವು ಬಳಸಿದ್ದ ಟೂಲ್‌ಗಳು, ಎಲ್ಲಾ ಬೇಕು. ಗೇಮ್ ಒಳಗೆ ಸೇರಿರೋ ಜರ್ಸಿಗಿಂತ ಆ ಮೂಲ ಫೈಲ್‌ನಲ್ಲಿ ಅವರ ಕೈ ಜಾಸ್ತಿ ಕಾಣುತ್ತೆ, ಯಾವ ಲೇಯರ್ ಮೇಲೆ ಯಾವ ಲೇಯರ್, ಎಲ್ಲಿ ಅಳಿಸಿ ಮತ್ತೆ ಹಾಕಿದಾರೆ ಅನ್ನೋದೂ ಸೇರಿ.

ಬೇರೆಯವರಿಗೆ ಬೇಕಾ ಅಂತ ಕೇಳಿದ್ರಲ್ಲ. ಕ್ರಿಕೆಟ್ 07 ಬಂದಿದ್ದು 2006ರ ನವೆಂಬರ್‌ನಲ್ಲಿ, ಆಶಸ್ ಸರಣಿ ಲೆಕ್ಕ ಇಟ್ಕೊಂಡು. ಇಎ ಕಂಪನಿಗೆ ಅದನ್ನ ಮಾಡಿಕೊಟ್ಟಿದ್ದು ಕೆನಡಾದ ಎಚ್‌ಬಿ ಸ್ಟುಡಿಯೋಸ್, ಕಾಮೆಂಟ್ರಿ ರಿಚೀ ಬೆನೊ ಮತ್ತೆ ಮಾರ್ಕ್ ನಿಕೋಲಸ್. ನಮ್ಮ ಟೀಮಿಗೆ ಅದರಲ್ಲಿ ಲೈಸೆನ್ಸ್ ಇರ್ಲಿಲ್ಲ, ಆಟಗಾರರ ಹೆಸರುಗಳನ್ನ ತಿರುಚಿ ಹಾಕಿದ್ರು. ಅದಾದ್ಮೇಲೆ ಇಎ ಕ್ರಿಕೆಟ್ ಸರಣಿನೇ ನಿಲ್ಲಿಸಿಬಿಡ್ತು. ಈಗ ತಾರೀಖು ನೋಡಿ. ಐಪಿಎಲ್‌ನ ಮೊಟ್ಟಮೊದಲ ಮ್ಯಾಚ್ ನಮ್ಮ ಚಿನ್ನಸ್ವಾಮಿಯಲ್ಲಿ ನಡೆದಿದ್ದು 2008ರ ಏಪ್ರಿಲ್ 18ಕ್ಕೆ, ಮೆಕಲಮ್ 158 ಹೊಡೆದ ರಾತ್ರಿ. ಅಂದ್ರೆ ಗೇಮ್ ಅಂಗಡಿಗೆ ಬಂದಾಗ ಐಪಿಎಲ್ ಅನ್ನೋದೇ ಹುಟ್ಟಿರ್ಲಿಲ್ಲ! ಆ ಗೇಮಲ್ಲಿ ಯಾರೇ ಆರ್‌ಸಿಬಿ ಆಡಿಸಿದ್ರೂ, ಅದರ ಪ್ರತಿಯೊಂದು ಜರ್ಸಿ, ಪ್ರತಿಯೊಂದು ಬ್ಯಾಟ್ ಸ್ಟಿಕ್ಕರ್, ಪ್ರತಿಯೊಂದು ಸರಿಯಾದ ಹೆಸರು ನಿಮ್ಮಂಥವರು ನಿದ್ದೆಗೆಟ್ಟು ಕೂತು ಮಾಡಿದ್ದು. ನಮ್ಮ ದೇಶದಲ್ಲಿ ಒಂದು ಇಡೀ ತಲೆಮಾರು ಕ್ರಿಕೆಟ್ 07 ಅಂತ ನೆನಪಿಟ್ಕೊಂಡಿರೋದು ಕಂಪನಿ ಮಾರಿದ ಗೇಮನ್ನಲ್ಲ, ನೀವೆಲ್ಲಾ ಮಾಡಿದ ಗೇಮನ್ನ.

ಬೇಸರ ಏನಂದ್ರೆ ಮೊದಲು ಕಳೆದುಹೋಗೋದೂ ಅದೇ. ಕಂಪನಿ ಗೇಮಿನ ಲಕ್ಷಾಂತರ ಸಿಡಿ ಲೋಕದಲ್ಲೆಲ್ಲಾ ಇದಾವೆ, ಯಾವುದೋ ಒಂದು ಉಳಿಯುತ್ತೆ. ಪ್ಯಾಚ್‌ಗಳು ಇದ್ದಿದ್ದು ಎಲ್ಲಿ? ಪುಕ್ಕಟೆ ಫೈಲ್ ಇಡೋ ಸೈಟ್‌ಗಳಲ್ಲಿ. ಮೆಗಾಅಪ್‌ಲೋಡ್‌ನ 2012ರ ಜನವರಿಯಲ್ಲಿ ಅಮೆರಿಕ ಸರ್ಕಾರ ಮುಚ್ಚಿಸ್ತು, ರ‍್ಯಾಪಿಡ್‌ಶೇರ್ 2015ರ ಮಾರ್ಚ್ 31ಕ್ಕೆ ತಾನೇ ಬಾಗಿಲು ಹಾಕ್ತು, ಮಿಕ್ಕ ಕಡೆ ಎಷ್ಟೋ ತಿಂಗಳು ಯಾರೂ ಇಳಿಸಿಕೊಳ್ಳದ ಫೈಲನ್ನ ಅವರೇ ಅಳಿಸ್ತಿದ್ರು. ಪ್ಯಾಚ್‌ನ ಸ್ಕ್ರೀನ್‌ಶಾಟ್ ಉಳ್ಕೊಂಡಿದೆ, ‘ಥ್ಯಾಂಕ್ಸ್ ಬ್ರೋ’ ಅಂತ ಬರೆದಿರೋದೂ ಉಳ್ಕೊಂಡಿದೆ, ಲಿಂಕ್ ಒತ್ತಿದ್ರೆ ಏನೂ ಇಲ್ಲ. ನಾನೂ 2010ರಲ್ಲಿ ಒಂದು ಸ್ಟೇಡಿಯಂ ಪ್ಯಾಚ್‌ನ ಅಂಥದ್ದೇ ಒಂದು ಕಡೆ ಇಟ್ಟು ಮನೆಯ ಕಾಪಿ ಅಳಿಸಿದ್ದೆ, ಅದು ಹೋಯ್ತು, ಈಗ್ಲೂ ಕೆಲವೊಮ್ಮೆ ಹುಡುಕ್ತೀನಿ. ಹಾಗಾಗಿ ನಿಮ್ಮ 80 ಜಿಬಿಯಲ್ಲಿ ನಿಮ್ಮ ಪ್ಯಾಚ್ ಒಂದೇ ಅಲ್ಲ, ಆಗ ನೀವು ಇಳಿಸಿಕೊಂಡಿದ್ದ ಬೇರೆಯವರ ಪ್ಯಾಚ್‌ಗಳೂ ಇರಬಹುದು, ಅವುಗಳಲ್ಲಿ ಎಷ್ಟೋ ಲೋಕದಲ್ಲಿ ಇನ್ನೆಲ್ಲೂ ಇಲ್ದೆ ಇರಬಹುದು. ಡೌನ್‌ಲೋಡ್ಸ್ ಫೋಲ್ಡರ್‌ನ ಅಳಿಸ್ಬೇಡಿ.

ತೆಗೆದ್ಮೇಲೆ ಮೂರು ಕಡೆ ಇಡಿ, ಒಂದು ನಿಮ್ಮ ಹತ್ರ, ಒಂದು ಬೇರೆ ಊರಲ್ಲಿರೋ ಗೆಳೆಯನ ಹತ್ರ, ಒಂದು ಇಂಟರ್ನೆಟ್ ಆರ್ಕೈವ್ ಅನ್ನೋ ಆನ್‌ಲೈನ್ ಲೈಬ್ರರಿಯಲ್ಲಿ. ಜೊತೆಗೆ ಕನ್ನಡದಲ್ಲೇ ಒಂದು ಪುಟ ಬರೀರಿ, ಯಾರು ಮಾಡಿದ್ದು, ಯಾವ ಹಾಸ್ಟೆಲ್, ಯಾವ ವರ್ಷ, ಕಾಲೇಜ್ ಟೀಮಲ್ಲಿ ವಿಕೆಟ್ ಕೀಪರ್ ಯಾರು. ಹೋದ ಗೆಳೆಯನ ಹೆಸರು ಹಾಕೋ ಮುಂಚೆ ಅವರ ಮನೆಯವರನ್ನ ಒಂದು ಮಾತು ಕೇಳಿ. ಅವರಿಗೆ ಆ ಜರ್ಸಿಗಳನ್ನ ತೋರಿಸಿಯೂ ಬನ್ನಿ.

ಗೇಮ್ ಉಳಿಸೋದು ಅಂದ್ರೆ ಬರೀ ನಾಸ್ಟಾಲ್ಜಿಯಾ ಅಲ್ವಾ? ಚೆನ್ನಾಗಿರೋ ಗೇಮನ್ನ ಕಂಪನಿನೇ ಹೊಸ ಕಾಲಕ್ಕೆ ತಕ್ಕ ಹಾಗೆ ರೀಮಾಸ್ಟರ್ ಮಾಡಿ ಮಾರುತ್ತೆ. ಮಿಕ್ಕಿದ್ದು ಯೂಟ್ಯೂಬಲ್ಲಿ ವಿಡಿಯೋ ಇದ್ದೇ ಇದೆ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ಕಂಪನಿ ಮಾಡುತ್ತೆ ಅನ್ನೋದಕ್ಕೆ ಮೊದಲು ಲೆಕ್ಕ ಕೊಡ್ತೀನಿ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅನ್ನೋ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಹೊರತಂತು. 2010ಕ್ಕಿಂತ ಮುಂಚೆ ಅಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ನೂರಕ್ಕೆ 87 ಇವತ್ತು ಯಾವ ಅಂಗಡೀಲೂ ಹೊಸದಾಗಿ ಕೊಂಡ್ಕೊಳ್ಳೋಕೆ ಸಿಗಲ್ಲ ಅಂತ ಅದರ ಲೆಕ್ಕ. ರೀಮಾಸ್ಟರ್ ಆಗೋದು ಹೆಸರುವಾಸಿ ಗೇಮ್ ಮಾತ್ರ, ಅದೂ ಮಾಡಿದವರಿಗೆ ಬೇಕಾದ ಹಾಗೆ ತಿದ್ದಿ.

ವಿಡಿಯೋ ಬಗ್ಗೆ ಹೇಳಿದ್ರಲ್ಲ, ಅದಕ್ಕೆ ಡೂಮ್ ಅನ್ನೋ, ರಾಕ್ಷಸರಿಗೆ ಗುಂಡು ಹೊಡೆಯೋ ಗೇಮಿನ ಕಥೆ ಹೇಳ್ಬೇಕು. ನೀವು ಎಂಜಿನಿಯರಿಂಗ್ ಓದ್ತಿರೋದ್ರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ಡೂಮ್ ಬಂದಿದ್ದು 1993ರ ಡಿಸೆಂಬರ್ 10ಕ್ಕೆ, ಟೆಕ್ಸಾಸ್‌ನ ಐಡಿ ಸಾಫ್ಟ್‌ವೇರ್‌ನಿಂದ. ಅವರ ಹಿಂದಿನ ಗೇಮ್ ವುಲ್ಫೆನ್‌ಸ್ಟೈನ್ 3ಡಿಯನ್ನ ಜನ ತಾವೇ ಬಿಚ್ಚಿ ಬದಲಾಯಿಸ್ತಿದ್ದಿದ್ದು ನೋಡಿ, ಅಲ್ಲಿನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಈ ಸಲ ಒಂದು ಕೆಲಸ ಮಾಡಿದ್ರು. ಗೇಮ್ ಓಡಿಸೋ ಪ್ರೋಗ್ರಾಂ ಬೇರೆ, ನಕ್ಷೆ ಚಿತ್ರ ಸದ್ದು ಎಲ್ಲಾ ತುಂಬಿದ ಫೈಲ್ ಬೇರೆ ಮಾಡಿದ್ರು. ಆ ಫೈಲಿಗೆ ವ್ಯಾಡ್ ಅಂತ ಹೆಸರು. ಹೊಸ ವ್ಯಾಡ್ ಮಾಡಿ ಪಕ್ಕದಲ್ಲಿಟ್ರೆ ಮೂಲ ಗೇಮ್ ಮುಟ್ಟದೆಯೇ ಹೊಸ ಗೇಮ್. 1994ರ ಶುರುವಿನಲ್ಲೇ ಅಭಿಮಾನಿಗಳು ನಕ್ಷೆ ಬರೆಯೋ ಎಡಿಟರ್ ತಾವೇ ಬರೆದುಕೊಂಡ್ರು. ಅಲ್ಲಿಂದ ಶುರುವಾದ ಸಂಗ್ರಹಕ್ಕೆ ಇವತ್ತಿಗೂ ಹೊಸ ನಕ್ಷೆಗಳು ಸೇರ್ತಾನೇ ಇದಾವೆ. ಟೀಮ್ ಟಿಎನ್‌ಟಿ ಅನ್ನೋ ಹವ್ಯಾಸಿಗಳ ಗುಂಪು 32 ನಕ್ಷೆಗಳ ಒಂದು ಕಂತೆಯನ್ನ ಪುಕ್ಕಟೆ ಬಿಡೋಕೆ ಹೊರಟಾಗ, ಬಿಡುಗಡೆ ಹೊತ್ತಿಗೆ ಐಡಿಯವರೇ ಬಂದು ಕೊಂಡ್ಕೊಂಡು 1996ರಲ್ಲಿ ಫೈನಲ್ ಡೂಮ್‌ನ ಒಂದು ಭಾಗವಾಗಿ ಅಂಗಡಿಗೆ ತಂದ್ರು.

ಈಗ ನಿಮ್ಮ ವಿಡಿಯೋ. ಡೂಮ್‌ನಲ್ಲಿ ಆಟಗಾರರು ತಮ್ಮ ಆಟನ ರೆಕಾರ್ಡ್ ಮಾಡಿ ಕಳಿಸ್ತಿದ್ರು, ಅದನ್ನ ಡೆಮೋ ಅಂತಿದ್ರು. ಅದು ವಿಡಿಯೋ ಅಲ್ಲ. ಗೇಮ್ ಒಂದು ಸೆಕೆಂಡಿಗೆ 35 ಸಲ ಮಿಡಿಯುತ್ತೆ, ಪ್ರತಿ ಮಿಡಿತಕ್ಕೆ ಆಟಗಾರ ಮುಂದೆ ಹೋದ್ನಾ, ಪಕ್ಕಕ್ಕೆ ಹೋದ್ನಾ, ಎಷ್ಟು ತಿರುಗಿದ, ಏನು ಒತ್ತಿದ ಅನ್ನೋ ನಾಲ್ಕೇ ನಾಲ್ಕು ಬೈಟ್ ಬರೆದಿಡ್ತಾರೆ. ಒಂದು ನಿಮಿಷಕ್ಕೆ 8,400 ಬೈಟ್, ಡಯಲಪ್ ಕಾಲದಲ್ಲಿ ಅದು ಸಲೀಸಾಗಿ ಹೋಗ್ತಿತ್ತು. ಹಾಕಿ ನೋಡೋವಾಗ ಗೇಮ್ ಆ ಒತ್ತುಗಳನ್ನ ಇಸ್ಕೊಂಡು ಇಡೀ ಆಟನ ಮತ್ತೆ ಹೊಸದಾಗಿ ಆಡುತ್ತೆ. ರಾಕ್ಷಸರು ಅವತ್ತು ಹೇಗೆ ಬಂದ್ರೋ ಇವತ್ತೂ ಹಾಗೇ ಬರ್ತಾರೆ, ಯಾಕಂದ್ರೆ ಗೇಮ್ ಬಳಸೋ ‘ಅದೃಷ್ಟದ’ ಸಂಖ್ಯೆಗಳು 256 ಅಂಕಿಗಳ ಒಂದು ಖಾಯಂ ಪಟ್ಟಿಯಿಂದ ಸರದಿ ಪ್ರಕಾರ ಬರ್ತವೆ.

ಇಲ್ಲೇ ಇರೋದು ವಿಷಯ. ಯಾರಾದ್ರೂ ಒಳ್ಳೇ ಮನಸ್ಸಿಂದ ಗೇಮಿನ ಒಂದು ಸಣ್ಣ ಬಗ್ ಸರಿಮಾಡಿದ್ರು ಅಂದ್ಕೊಳ್ಳಿ. ಒಂದು ರಾಕ್ಷಸ ಒಂದು ಹೆಜ್ಜೆ ಬೇರೆ ಕಡೆ ಇಡ್ತಾನೆ, ಪಟ್ಟಿಯಲ್ಲಿ ಒಂದು ಅಂಕಿ ಹಿಂದೆ ಮುಂದೆ ಆಗುತ್ತೆ, ಅಲ್ಲಿಂದಾಚೆ 1994ರ ಆಟಗಾರ ಒತ್ತಿದ್ದ ಗುಂಡಿಗಳಿಗೂ ಎದುರಿಗೆ ನಡೀತಿರೋದಕ್ಕೂ ಸಂಬಂಧನೇ ಇರಲ್ಲ, ಅವನು ಗೋಡೆಗೆ ಮುಖ ಹಾಕ್ಕೊಂಡು ಖಾಲಿ ಜಾಗಕ್ಕೆ ಗುಂಡು ಹಾರಿಸ್ತಾ ನಿಲ್ತಾನೆ. ಇದನ್ನ ಡಿಸಿಂಕ್ ಅಂತಾರೆ. 1997ರ ಡಿಸೆಂಬರ್ 23ಕ್ಕೆ ಕಾರ್ಮ್ಯಾಕ್ ಡೂಮ್‌ನ ಸೋರ್ಸ್ ಕೋಡ್, ಅಂದ್ರೆ ಪ್ರೋಗ್ರಾಂನ ಮೂಲ ಬರಹ, ಬಿಟ್ಟುಕೊಟ್ಟ ಮೇಲೆ ಬಂದ ಎಷ್ಟೋ ಹೊಸ ಆವೃತ್ತಿಗಳು ಗೇಮನ್ನ ಚೆಂದ ಮಾಡಿದ್ವು, ಆದ್ರೆ ಅವುಗಳಲ್ಲಿ ಹಳೇ ಡೆಮೋ ಓಡ್ತಿರ್ಲಿಲ್ಲ. ಹಾಗಾಗಿ ಚಾಕೊಲೇಟ್ ಡೂಮ್ ಅನ್ನೋ ಒಂದು ಆವೃತ್ತಿ ಬಂತು, ಅದರ ಪಣ ಏನಂದ್ರೆ ಹಳೇ ಡಾಸ್ ಕಂಪ್ಯೂಟರ್‌ಗಳಲ್ಲಿ ಓಡ್ತಿದ್ದ ಮೂಲ ಗೇಮಲ್ಲಿದ್ದ ತಪ್ಪುಗಳನ್ನೂ ಹಾಗೆ ಹಾಗೇ ಉಳಿಸೋದು. ಬಗ್ ಉಳಿಸೋಕೆ ವರ್ಷಗಟ್ಟಲೆ ಕೂತು ಕೋಡ್ ಬರೆಯೋ ಜನ ಅವರು, ನನಗೆ ಅವರ ಮೇಲೆ ತುಂಬಾ ಗೌರವ. ಹಳೇ ಪದ್ಯನ ಅಚ್ಚು ಹಾಕೋರು ಕವಿಯ ಪ್ರಾಸ ನಮ್ಮ ಕಿವಿಗೆ ಸರಿಹೋಗಲಿಲ್ಲ ಅಂತ ತಿದ್ದಲ್ಲ ಅಲ್ವಾ, ಇದೂ ಅಂಥದ್ದೇ ಕೆಲಸ.

ಯೂಟ್ಯೂಬ್ ವಿಡಿಯೋ ತೋರಿಸೋದು ಒಬ್ಬರು ಒಂದು ಸಲ ಆಡಿದ್ದನ್ನ ಮಾತ್ರ. ಆ ಬಾಗಿಲಿಗೆ ಹೋಗ್ದೆ ಈ ಬಾಗಿಲಿಗೆ ಹೋಗಿದ್ರೆ ಏನಾಗ್ತಿತ್ತು ಅಂತ ವಿಡಿಯೋನ ಕೇಳೋಕಾಗಲ್ಲ. ಗೇಮ್ ಅಂದ್ರೆ ಆ ಕೇಳೋದೇ.

ನಿಮ್ಮಂಥವರಿಗೆ ಕೆಲಸಾನೂ ಇದೆ. ಫ್ರೀಡೂಮ್ ಅಂತ ಒಂದು ಯೋಜನೆ ಇದೆ, ಗೇಮ್ ಓಡಿಸೋ ಪ್ರೋಗ್ರಾಂ ಮುಕ್ತ ಆದ್ರೂ ಡೂಮ್‌ನ ಚಿತ್ರ, ಸದ್ದು, ನಕ್ಷೆ ಇನ್ನೂ ಕಂಪನಿಯದ್ದೇ ಅಲ್ವಾ, ಅವುಗಳ ಬದಲಿಗೆ ಎಲ್ಲವನ್ನೂ ಹೊಸದಾಗಿ ಮಾಡಿ ಯಾರು ಬೇಕಾದ್ರೂ ಹಂಚೋ ಹಾಗೆ ಇಡೋದು. ಗೋಡೆ ಮೇಲೆ ಅಂಟಿಸೋ ಒಂದು ಚಿತ್ರ (ಟೆಕ್ಸ್‌ಚರ್) ಬಿಡಿಸೋದ್ರಿಂದ ಶುರು ಮಾಡ್ಬಹುದು.

ಅಂಗಡಿಯಲ್ಲಿ 50 ರೂಪಾಯಿಗೆ ಸಿಗ್ತಿದ್ದ ಸಿಡಿಗಳಿಂದಲೇ ನಾವೆಲ್ಲಾ ಗೇಮ್ ಆಡಿದ್ದು. ಕಂಪನಿ ಮಾರೋದು ಬಿಟ್ಟಿದೆ ಅಂದ್ಮೇಲೆ ‘ಅಬಂಡನ್‌ವೇರ್’, ಹಂಚಿದ್ರೆ ತಪ್ಪೇನಿಲ್ಲ ಅಂತಾರೆ. ಕಾನೂನು ಏನು ಹೇಳುತ್ತೆ?
– ವಕೀಲಿ ವೃತ್ತಿಯಲ್ಲಿರೋ ಓದುಗರು, ಹಾಸನ

ಅಬಂಡನ್‌ವೇರ್ ಅನ್ನೋ ಪದ ಯಾವ ಕಾನೂನಲ್ಲೂ ಇಲ್ಲ, ಅದು ಆಟಗಾರರು ಇಟ್ಕೊಂಡ ಹೆಸರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂನ ಸಾಹಿತ್ಯ ಕೃತಿ ಥರ ನೋಡುತ್ತೆ. ಸಾಹಿತ್ಯ ಕೃತಿಯ ಹಕ್ಕು ಬರೆದವರ ಆಯಸ್ಸು ಮುಗಿದು 60 ವರ್ಷದವರೆಗೂ ಇರುತ್ತೆ, ಅಂಗಡಿಯಿಂದ ಮಾಯ ಆಯ್ತು ಅಂತ ಹೋಗಲ್ಲ. ಅದೇ ಕಾಯ್ದೆಯ 52ನೇ ಸೆಕ್ಷನ್ನಲ್ಲಿ, ಕಾನೂನುಬದ್ಧವಾಗಿ ಪ್ರತಿ ಇಟ್ಕೊಂಡೋರು ಅದು ಹಾಳಾಗಿ ಹೋಗದಿರಲಿ ಅಂತ ಬ್ಯಾಕಪ್ ನಕಲು ಮಾಡ್ಕೋಬಹುದು ಅಂತ ಇದೆ. ಅಂದ್ರೆ ನೀವು ಕೊಂಡ ಸಿಡಿಯ ನಕಲು ನೀವು ತೆಗೆದಿಟ್ಕೊಳ್ಳೋದು ಸರಿ, ಊರಿಗೆಲ್ಲಾ ಹಂಚೋದು ಬೇರೆ ಮಾತು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ.

ನನಗೆ ಕಾಡೋದು ಬೇರೆ. ಹಂಚೋದು ಬೇಡ, ಲೈಬ್ರರಿಗಳು ಸಂಶೋಧಕರಿಗೆ ದೂರದಿಂದ ಆಡೋಕೆ ಕೊಡಬಹುದಾ ಅಂತ ಅಮೆರಿಕದಲ್ಲಿ ಕೇಳಿದ್ರು, 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಆಗಲ್ಲ ಅಂದಿತು. ಒಬ್ಬ ಸಂಶೋಧಕಿ ಹಳೇ ಪುಸ್ತಕನ ಸ್ಕ್ಯಾನ್‌ನಲ್ಲಿ ಓದಬಹುದು, ಹಳೇ ಗೇಮ್ ನೋಡೋಕೆ ಮಾತ್ರ ಆ ಕಟ್ಟಡಕ್ಕೇ ಹೋಗ್ಬೇಕು. ನನ್ನ ಪ್ರಕಾರ ಇದು ತಪ್ಪು.

ಇನ್ನೊಂದು ದಾರಿ ಕಂಪನಿಗಳ ಕೈಯಲ್ಲೇ ಇದೆ. 2025ರ ಫೆಬ್ರವರಿಯಲ್ಲಿ ಇಎ ತನ್ನ ಕಮಾಂಡ್ ಅಂಡ್ ಕಾಂಕರ್ ಸರಣಿಯ ಕೆಲವು ಗೇಮ್‌ಗಳ ಸೋರ್ಸ್ ಕೋಡನ್ನ ಯಾರು ಬೇಕಾದ್ರೂ ಬಳಸಿ, ಬದಲಾಯಿಸಿ, ಹಂಚಬಹುದಾದ ಜಿಪಿಎಲ್ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಡ್ತು, ನಮ್ಮ ಸೈಬರ್ ಸೆಂಟರ್‌ಗಳಲ್ಲಿ ಲ್ಯಾನ್ ಹಾಕ್ಕೊಂಡು ಆಡ್ತಿದ್ದ ಜನರಲ್ಸ್ ಕೂಡ ಅದರಲ್ಲಿದೆ. ಅದೇ ಕಂಪನಿ ಕ್ರಿಕೆಟ್ 07ಗೂ ಇದೇ ಥರ ಮಾಡಲಿ. ಇನ್ನು ಅದರಿಂದ ಅವರಿಗೆ ಬರೋ ಆದಾಯ ಏನೂ ಇಲ್ಲ, ನಮ್ಮ ಹುಡುಗ್ರ ಕೈಗೆ ಆ ಕೋಡ್ ಸಿಕ್ಕಿದ್ರೆ ಏನೇನು ಮಾಡ್ತಾರೆ ಅಂತ ನೆನೆಸ್ಕೊಂಡ್ರೇ ಮೈ ಜುಂ ಅನ್ನುತ್ತೆ.

ಒಂದು ಸಣ್ಣ ವಿಷಯ ಸೇರಿಸ್ತೀನಿ. ದುಡ್ಡು ಕೊಟ್ಟು ಒರಿಜಿನಲ್ ಸಿಡಿ ತಗೊಂಡೋರಿಗೂ ಈಗ ಕಷ್ಟನೇ. ಆ ಕಾಲದ ಬಹಳಷ್ಟು ಗೇಮ್‌ಗಳಲ್ಲಿ ನಕಲು ಮಾಡದ ಹಾಗೆ ಸೇಫ್‌ಡಿಸ್ಕ್ ಅನ್ನೋ ಬೀಗ ಇತ್ತು, ಅದಕ್ಕೆ ಬೇಕಾದ ಡ್ರೈವರ್‌ನಲ್ಲಿ ಭದ್ರತೆಯ ತೊಂದರೆ ಇದೆ ಅಂತ 2015ರಲ್ಲಿ ವಿಂಡೋಸ್ 10 ಅದನ್ನ ಕೈಬಿಡ್ತು. ಸಿಡಿ ಇದೆ, ಬಿಲ್ ಇದೆ, ಗೇಮ್ ಮಾತ್ರ ತೆರೆಯಲ್ಲ.

ಮೇಷ್ಟ್ರು ಕೆಲಸದಲ್ಲಿದೀನಿ. ಶಾಲೆಯ ಕಂಪ್ಯೂಟರ್ ಲ್ಯಾಬಲ್ಲಿ ಮಕ್ಕಳು ಫ್ಲ್ಯಾಶ್ ಗೇಮ್ ಆಡ್ತಿದ್ರು, ಒಂದು ದಿನ ಎಲ್ಲಾ ನಿಂತೇಹೋಯ್ತು. ಅವು ಎಲ್ಲಿ ಹೋದ್ವು? ಫಾರ್ಮ್‌ವಿಲ್ ಗೇಮಲ್ಲಿ ನಮ್ಮಾಕೆ ಬೆಳೆಸಿದ್ದ ತೋಟ ಸಿಗುತ್ತಾ?
– ಚಿತ್ರದುರ್ಗ

ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ, ಬ್ರೌಸರ್‌ನಲ್ಲಿ ಈ ಗೇಮ್‌ಗಳನ್ನ ಓಡಿಸ್ತಿದ್ದ ಫ್ಲ್ಯಾಶ್ ನಿಲ್ಲಿಸ್ತು, 2021ರ ಜನವರಿ 12ರಿಂದ ಪ್ಲೇಯರ್ ಇದ್ರೂ ಓಡದ ಹಾಗೆ ಮಾಡ್ತು. ಆದ್ರೆ ಹೀಗಾಗುತ್ತೆ ಅಂತ ಮುಂಚೆನೇ ಗೊತ್ತಿದ್ದರಿಂದ 2018ರಲ್ಲೇ ಫ್ಲ್ಯಾಶ್‌ಪಾಯಿಂಟ್ ಅನ್ನೋ ಸಂಗ್ರಹ ಶುರುವಾಯ್ತು, ಹವ್ಯಾಸಿಗಳೇ ಸೇರ್ಕೊಂಡು ಒಂದೊಂದೇ ಗೇಮ್ ಇಳಿಸಿ ಇಳಿಸಿ ಈಗ ಗೇಮು ಅನಿಮೇಶನ್ ಸೇರಿ ಎರಡು ಲಕ್ಷಕ್ಕೂ ಮೇಲಿದೆ. ಅದನ್ನ ಕಂಪ್ಯೂಟರ್‌ಗೆ ಹಾಕ್ಕೊಂಡು, ಮಕ್ಕಳಿಗೆ ಬೇಕಾದ ಗೇಮ್ ಹೆಸರು ಹುಡುಕಿ. ರಫಲ್ ಅಂತ ಇನ್ನೊಂದಿದೆ, ಬ್ರೌಸರ್ ಒಳಗೇ ಹಳೇ ಫ್ಲ್ಯಾಶ್ ಫೈಲ್ ಓಡಿಸುತ್ತೆ, ಶಾಲೆಯ ಸಾಧಾರಣ ಕಂಪ್ಯೂಟರ್‌ಗೆ ಅದು ಹಗುರ.

ಫಾರ್ಮ್‌ವಿಲ್ ತೋಟ ಸಿಗಲ್ಲ ಮೇಷ್ಟ್ರೇ. ಅದರ ಅರ್ಧ ಜೀವ ನಿಮ್ಮ ಕಂಪ್ಯೂಟರಲ್ಲೂ ಅರ್ಧ ಜೀವ ಕಂಪನಿಯ ಸರ್ವರಲ್ಲೂ ಇತ್ತು, ಅದನ್ನೂ ಅದೇ 2020ರ ಡಿಸೆಂಬರ್ 31ಕ್ಕೆ ಮುಚ್ಚಿದ್ರು. ಮನೆಯವರ ಹತ್ರ ತೋಟದ ಸ್ಕ್ರೀನ್‌ಶಾಟ್ ಇದ್ರೆ ಪ್ರಿಂಟ್ ಹಾಕಿಸಿಡಿ. ಇಂಥ ಗೇಮ್‌ಗಳಿಗಾಗಿಯೇ ಯುರೋಪಲ್ಲಿ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಂತ ಚಳವಳಿ ನಡೀತಿದೆ, ಯೂಬಿಸಾಫ್ಟ್ ತನ್ನ ದಿ ಕ್ರೂ ಗೇಮಿನ ಸರ್ವರ್‌ನ 2024ರಲ್ಲಿ ಮುಚ್ಚಿದ್ಮೇಲೆ ಶುರುವಾಗಿದ್ದು. ಸರ್ವರ್ ಮುಚ್ಚೋದಾದ್ರೆ ಮುಚ್ಚಿ, ಹೋಗೋ ಮುಂಚೆ ಕೊಂಡೋರು ಆಡೋಕೆ ಏನಾದ್ರೂ ದಾರಿ ಮಾಡಿಟ್ಟು ಹೋಗಿ ಅನ್ನೋದು ಅವರ ಬೇಡಿಕೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದಾರೆ.

ನನ್ನ ಹತ್ರ ಹಳೇ ಮಾಡ್‌ಗಳ (ಗೇಮನ್ನ ಬದಲಾಯಿಸೋಕೆ ಅಭಿಮಾನಿಗಳು ಮಾಡಿದ ಪ್ಯಾಚ್ ಥರದ ಫೈಲ್‌ಗಳು) ದೊಡ್ಡ ಸಂಗ್ರಹ ಇದೆ, ವೈಸ್ ಸಿಟಿ ಗೇಮಿಗೆ ಆಟೋ, ಅಂಬಾಸಿಡರ್ ಸೇರಿಸಿದ್ದು ಎಲ್ಲಾ. ಮಾಡಿದವರ ಮೇಲ್ ಐಡಿಗಳು ಈಗ ಕೆಲಸ ಮಾಡ್ತಿಲ್ಲ. ಅವರನ್ನ ಕೇಳ್ದೆ ಅಪ್‌ಲೋಡ್ ಮಾಡಿದ್ರೆ ಸರಿನಾ?
– ಟೊರೊಂಟೊದಲ್ಲಿರೋ ಕನ್ನಡಿಗರು

ಈ ಪ್ರಶ್ನೆ ಕೇಳಿದ್ದಕ್ಕೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು, ಬಹಳಷ್ಟು ಜನ ಕೇಳೋದೇ ಇಲ್ಲ. ಇದರಲ್ಲಿ ಎರಡೂ ಕಡೆ ನ್ಯಾಯ ಇದೆ. 2021ರಲ್ಲಿ ನೆಕ್ಸಸ್ ಮಾಡ್ಸ್ ಅನ್ನೋ ದೊಡ್ಡ ಸೈಟು, ಇನ್ನು ಮುಂದೆ ಮಾಡಿದವರು ತಮ್ಮ ಫೈಲನ್ನ ಪೂರ್ತಿ ಅಳಿಸೋ ಹಾಗಿಲ್ಲ, ಮರೆಯಲ್ಲಿಡಬಹುದು ಅಷ್ಟೇ ಅಂತ ನಿಯಮ ತಂತು, ಬೇಡ ಅನ್ನೋರಿಗೆ ಸುಮಾರು ಒಂದು ತಿಂಗಳು ಗಡುವು ಕೊಡ್ತು. ಉಳಿಸೋ ದೃಷ್ಟಿಯಿಂದ ಒಳ್ಳೇದು ಅಂತ ಕೆಲವರು ಅಂದ್ರು, ಪುಕ್ಕಟೆ ಮಾಡಿಕೊಟ್ಟ ಕೆಲಸದ ಮೇಲೆ ನಮಗೇ ಹಕ್ಕಿಲ್ವಾ ಅಂತ ಎಷ್ಟೋ ಜನ ಸಿಟ್ಟಾಗಿ ಎಲ್ಲಾ ಎತ್ಕೊಂಡು ಹೋದ್ರು. ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಕಂಪನಿಯಿಂದ ಗೇಮ್ ಉಳಿಸೋ ಹಟದಲ್ಲಿ, ಸಂಬಳ ಇಲ್ದೆ ಮಾಡಿದ ಹುಡುಗನ ಮಾತು ಕೇಳದೇ ಹೋದ್ರೆ ನಾವು ಯಾರ ಪರ?

ಹಾಗಾಗಿ ಮೊದಲು ಪ್ರತಿ ಜಿಪ್ ಒಳಗಿನ ರೀಡ್‌ಮಿ ಓದಿ. ಡೂಮ್ ಕಾಲದಿಂದ ಬಂದ ಒಳ್ಳೇ ಪದ್ಧತಿ ಅದು, ಅವರ ಸಂಗ್ರಹಕ್ಕೆ ನಕ್ಷೆ ಸೇರಿಸ್ಬೇಕಾದ್ರೆ ಜೊತೆಗೆ ಒಂದು ಟೆಕ್ಸ್ಟ್ ಫೈಲ್ ಇರಲೇಬೇಕು, ಯಾರು ಮಾಡಿದ್ದು, ಎಷ್ಟು ದಿನ ಹಿಡೀತು, ಇದನ್ನ ಹಂಚಬಹುದಾ, ಇದರ ಮೇಲೆ ಬೇರೆಯವರು ಕಟ್ಟಬಹುದಾ ಅಂತ. ಬದಲಾಯಿಸದೆ ಹಂಚಿ ಅಂತ ಬರೆದಿದ್ರೆ ಧೈರ್ಯವಾಗಿ ಹಾಕಿ. ಹಂಚಬೇಡಿ ಅಂತ ಬರೆದಿದ್ರೆ ನಿಮ್ಮ ಹತ್ರ ಎರಡು ಕಾಪಿ ಮಾಡಿ ಭದ್ರವಾಗಿಡಿ, ಹಾಕ್ಬೇಡಿ. ಏನೂ ಬರೆದಿಲ್ಲ, ಮೇಲೂ ಹೋಗ್ತಿಲ್ಲ ಅಂದ್ರೆ ನಾನಾದ್ರೆ ಹಾಕ್ತೀನಿ, ಅವರಿಟ್ಟ ಹೆಸರಲ್ಲೇ, ಜಿಪ್‌ನ ಬಿಚ್ಚಿ ಮತ್ತೆ ಕಟ್ಟದೆ, ಮಾಡಿದವರು ಕೇಳಿದ ದಿನ ತೆಗೀತೀನಿ ಅಂತ ಬರೆದು. ಜಿಪ್ ಬಿಚ್ಚಬೇಡಿ ಅನ್ನೋದಕ್ಕೆ ಕಾರಣ ಇದೆ. ಬಿಚ್ಚಿ ಕಟ್ಟಿದ್ರೆ ಫೈಲಿನ ಬೆರಳಚ್ಚು ಬದಲಾಗುತ್ತೆ, ಸೆವೆನ್ ಜಿಪ್ ಪ್ರೋಗ್ರಾಂನಲ್ಲಿ ರೈಟ್ ಕ್ಲಿಕ್ ಮಾಡಿದ್ರೆ ಎಸ್‌ಎಚ್‌ಎ 256 ಅಂತ ಬರುತ್ತಲ್ಲ, ಅದು. ಹೈದರಾಬಾದಲ್ಲಿ ಇನ್ಯಾರದೋ ಹತ್ರ ಇರೋ ಫೈಲೂ ನಿಮ್ಮದೂ ಒಂದೇನಾ ಅಂತ ಹೇಳೋದು ಅದೊಂದೇ.

ಟಿವಿ ಗೇಮ್ ಕ್ಯಾಸೆಟ್ ಹಾಕಿದ್ರೆ ಬರೀ ಬೂದು ಪರದೆ ಬರುತ್ತೆ. ಉಫ್ ಅಂತ ಊದಿದ್ರೂ ಸರಿಹೋಗ್ತಿಲ್ಲ.
– ಸಾಗರ

ಊದೋದು ಬಿಡಿ. ಬಾಯಿಯ ತೇವ ಆ ತಾಮ್ರದ ಪಟ್ಟಿಗಳನ್ನ ತಿನ್ನುತ್ತೆ, ಮಲೆನಾಡ ಮಳೆಗಾಲ ಸೇರಿದ್ರೆ ಹಸಿರು ಕಿಲುಬು ಕಟ್ಟೋದು ಇನ್ನೂ ಬೇಗ. ಐಸೊಪ್ರೊಪೈಲ್ ಆಲ್ಕೊಹಾಲ್ ಅಂತ ಮೊಬೈಲ್ ರಿಪೇರಿಯವರ ಹತ್ರ ಇರುತ್ತೆ, ಕಿವಿಗೆ ಹಾಕೋ ಬಡ್ಸ್‌ನ ಅದರಲ್ಲಿ ಅದ್ದಿ ಪಟ್ಟಿಗಳನ್ನ ಒರೆಸಿ, ಪೂರ್ತಿ ಒಣಗಿದ್ಮೇಲೆ ಹಾಕಿ. ‘9999999 ಇನ್ 1’ ಕ್ಯಾಸೆಟ್ ಆಗಿದ್ರೆ ಮೇಲಿನ ಸ್ಟಿಕ್ಕರ್ ಕೀಳ್ಬೇಡಿ, ಫೋಟೋ ತೆಗೆದಿಡಿ. ಒಳಗಿರೋ ಬೆರಳೆಣಿಕೆಯ ಗೇಮ್‌ಗಳು ಬೇರೆ ಕಡೆ ಸಿಗ್ತವೆ, ನಮ್ಮ ಸಂತೆಗಳಲ್ಲಿ ಮಾರಿದ ಆ ಸ್ಟಿಕ್ಕರ್‌ಗಳನ್ನ ಕೂಡಿಡ್ತಿರೋರು ತೀರಾ ಕಮ್ಮಿ.

ನಮ್ಮ ಮನ್ಯಾಗ ಅಟ್ಟದ ಮ್ಯಾಲೆ ಮಗನ ಸಿಡಿ ಡಬ್ಬಿ ಐತ್ರಿ. ಅವಾ ಪುಣೇದಾಗ ನೌಕರಿ ಮಾಡ್ತಾನ. ಸಿಡಿ ಮ್ಯಾಲೆ ‘ಯಾರೂ ಮುಟ್ಟಬಾರ್ದು’ ಅಂತ ಪೆನ್ನಿಲೆ ಬರದಾನ. ಹದಿನೈದು ವರ್ಷ ಆತು ಅವನೂ ಮುಟ್ಟಿಲ್ಲ. ಒಗದ ಬಿಡ್ಲೇನ್ರಿ, ಇಡ್ಲೇನ್ರಿ?
– ಒಬ್ಬ ತಾಯಿ, ಹುಬ್ಬಳ್ಳಿ

ಒಗೀಬ್ಯಾಡ್ರಿ ಅಮ್ಮಾ. ಇವತ್ತೇ ಆ ಡಬ್ಬಿನ ಅಟ್ಟದಿಂದ ಇಳಿಸಿ, ಬೇಸಿಗೆ ಶಾಖ ಸಿಡಿಗೆ ಆಗಲ್ಲ. ಮನೆಯಲ್ಲಿ ಬರೆದ ಸಿಡಿ ಒಳಗೆ ಒಂಥರಾ ಬಣ್ಣದ ಪದರ ಇರುತ್ತೆ, ಬಿಸಿಲು ಶಾಖಕ್ಕೆ ಅದು ಮಾಸುತ್ತೆ, ಮಾಸಿದ್ರೆ ಬರೆದಿದ್ದೂ ಹೋಗುತ್ತೆ. ಬೀರುವಿನ ಕೆಳಗಿನ ಖಾನೆಯಲ್ಲಿ, ಕತ್ತಲಲ್ಲಿ, ಒಂದರ ಮೇಲೊಂದು ಹೇರದೆ ನಿಲ್ಲಿಸಿ ಇಡಿ. ಬಟ್ಟೆಯಿಂದ ಒರೆಸೋದಾದ್ರೆ ಗೋಲಾಗಿ ಒರೆಸ್ಬೇಡಿ, ನಡುವಿನಿಂದ ಅಂಚಿಗೆ ನೇರ ಒರೆಸಿ. ಮೇಲೆ ಹೊಸದಾಗಿ ಏನೂ ಬರೀಬೇಡಿ, ಬರೆಯೋದಿದ್ರೆ ಕಾಗದದ ಕವರ್ ಮೇಲೆ ಪೆನ್ಸಿಲ್‌ನಿಂದ.

ಆಮೇಲೆ ಒಂದು ಭಾನುವಾರ ಮಗನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದೇ ಸಿಡಿ ಎತ್ತಿ ತೋರಿಸಿ, ಇದೇನಪ್ಪಾ, ಇದನ್ನ ಯಾರ ಜೊತೆ ಮಾಡಿದ್ದು ಅಂತ ಕೇಳಿ. ಅವರು ಹೇಳಿದ್ದನ್ನ ಆಯಾ ಕವರ್ ಮೇಲೆ ನಿಮ್ಮ ಕೈಯಲ್ಲೇ ಬರೀರಿ. ‘ಯಾರೂ ಮುಟ್ಟಬಾರ್ದು’ ಅಂತ ಇರೋದನ್ನ ಮೊದಲು ತೋರಿಸಿ.